ಇಳಿದು ಮಾಡುವುದೇನಿದೆ?

ರೈಲು ಎಲ್ಲಿ ನಿಂತರೂ ನಾನು ಇಳಿಯುತ್ತೇನೆ. ದೊಡ್ಡ ಸ್ಟೇಷನ್ನಾದರೂ ಸರಿ, ಸಿಗ್ನಲ್ ಬೀಳದೆ ಹೊಲದ ನಡುವೆ ನಿಂತರೂ ಸರಿ, ಬಾಗಿಲ ಸರಳು ಹಿಡಿದು ಮೆಲ್ಲಗೆ ಕೆಳಗಿಳಿದು ಗಾಡಿಯ ಪಕ್ಕದಲ್ಲಿ ನಿಂತುಕೊಳ್ಳುತ್ತೇನೆ. ಕಾಫಿಗೆಂದು ಇಳಿಯುವುದಲ್ಲ, ಸ್ಟೇಷನ್ ಕಾಫಿ ಕುಡಿಯಬೇಕಾದಂಥ ಪಾಪವನ್ನು ನಾನೇನೂ ಮಾಡಿಲ್ಲ. ಬೀಡಿ ಸಿಗರೇಟಿನ ಚಟವಿಲ್ಲ. ಪೇಪರನ್ನು ಮನೆಯಲ್ಲೇ ಓದಿ ಮುಗಿಸಿರುತ್ತೇನೆ. ಸುಮ್ಮನೆ ನಿಂತಿದ್ದು, ಗಾರ್ಡು ಸೀಟಿ ಊದಿದ ಮೇಲೆ ಹತ್ತಿ ನನ್ನ ಜಾಗಕ್ಕೆ ಬರುತ್ತೇನೆ. ಅಷ್ಟರಲ್ಲಿ ಆ ಜಾಗದಲ್ಲಿ ಬೇರೆ ಯಾರಾದರೂ ಕೂತುಬಿಟ್ಟಿದ್ದರೆ ಉಳಿದ ದಾರಿಯನ್ನು ನಿಂತೇ ಕಳೆಯುತ್ತೇನೆ.

ಮೊನ್ನೆ ಹಿಂದೂಪುರದ ಪ್ಯಾಸೆಂಜರಿನಲ್ಲಿ ಎದುರಿಗೆ ಕೂತಿದ್ದ ಒಬ್ಬ ದಪ್ಪ ಕನ್ನಡಕದವರು ಬಹಳ ಹೊತ್ತು ತಡೆದುಕೊಂಡು ಕೊನೆಗೆ ಕೇಳಿಯೇಬಿಟ್ಟರು.

“ಅಲ್ಲಾ ಸ್ವಾಮಿ, ಆವಾಗಿಂದ ನೋಡ್ತಾ ಇದೀನಿ. ರಾಜಾನುಕುಂಟೆಲಿ ಇಳಿದ್ರಿ, ದೊಡ್ಡಬಳ್ಳಾಪುರದಲ್ಲಿ ಇಳಿದ್ರಿ, ಈಗ ಇಲ್ಲೂ ಇಳಿದ್ರಿ. ಯಾರಾದ್ರೂ ಸಿಗ್ಬೇಕಾಗಿತ್ತಾ?”

“ಇಲ್ಲ.”

“ಮತ್ತೆ ಇಳಿದು ಮಾಡೋದೇನಿದೆ?”

ಅವರ ಮೇಲೆ ಕೋಪ ಬರಲಿಲ್ಲ. ಯಾಕೆಂದರೆ ಅದು ನಮ್ಮ ಮನೆಯ ಮಾತು. ಎಷ್ಟೋ ವರ್ಷ ನಾನೂ ಅದನ್ನೇ ಹೇಳಿಕೊಂಡು ಕಿಟಕಿಯ ಪಕ್ಕ ಗಟ್ಟಿಯಾಗಿ ಕೂತಿದ್ದವನು. ಆ ಮಾತನ್ನು ಕಲಿಸಿದವಳು ನಮ್ಮ ಅತ್ತೆ. ಅತ್ತೆ ಈಗಿಲ್ಲ. ಕನ್ನಡಕದವರಿಗೆ ಹೇಳಲಾಗದ ಉತ್ತರವನ್ನು ನಿಮಗೆ ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೋಗಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮದು ಅಬ್ಬಿಗೆರೆ. ನೆನಪೂ ಉಳಿಯದಷ್ಟು ಚಿಕ್ಕವನಿದ್ದಾಗ ತಾಯಿ ಹೋದಳು. ಹೊಲ ನೋಡುವುದೋ ಮಗುವನ್ನು ನೋಡುವುದೋ ತಿಳಿಯದೆ ನಮ್ಮಪ್ಪ ನನ್ನನ್ನು ಯಲಹಂಕದಲ್ಲಿದ್ದ ತನ್ನ ಅಕ್ಕನ ಮನೆಗೆ ಬಿಟ್ಟ. ಅಲ್ಲಿಂದ ಮುಂದೆ ನನಗೆ ಊರು, ಮನೆ, ಬೈಗುಳ, ಮುದ್ದೆ ಎಲ್ಲ ಅತ್ತೆಯದೇ.

ಅತ್ತೆ ಎಂಥ ಗಟ್ಟಿ ಹೆಂಗಸೆಂದರೆ, ಹಟ್ಟಿಗೆ ನುಗ್ಗಿದ ಹಾವನ್ನು ಒನಕೆಯಲ್ಲೇ ವಿಚಾರಿಸಿಕೊಂಡವಳು. ಅಂಥವಳು ರೈಲು ಹತ್ತಿದರೆ ಮಾತ್ರ ಮುದುಡಿಹೋಗುತ್ತಿದ್ದಳು. ಗಂಟನ್ನು ತೊಡೆಯ ಮೇಲಿಟ್ಟು, ನನ್ನ ಚಡ್ಡಿಯ ಹಿಂಭಾಗವನ್ನು ಮುಷ್ಟಿಯಲ್ಲಿ ಹಿಡಿದು, ಇಳಿಯಬೇಕಾದ ಊರು ಬರುವವರೆಗೆ ಬಿಡುತ್ತಿರಲಿಲ್ಲ. ನೀರಿಗೆಂದು ಅತ್ತರೂ ಅಷ್ಟೆ, ಕಡಲೆಕಾಯಿಗೆಂದು ಅತ್ತರೂ ಅಷ್ಟೆ.

“ಇಳ್ದು ಮಾಡಾದೇನೈತೆ? ಸುಮ್ಕೆ ಕುಂತ್ಕೊ.”

ಈ ಹೆದರಿಕೆಗೆ ಕಾರಣ ನಮ್ಮ ಮಾವ. ಮದುವೆಯಾದ ಹೊಸದರಲ್ಲಿ ಇಬ್ಬರೂ ಘಾಟಿಯ ದೇವಸ್ಥಾನಕ್ಕೆ ಹೋಗಿ ಹರಕೆ ತೀರಿಸಿ ಬರುತ್ತಿದ್ದರಂತೆ. ದೊಡ್ಡಬಳ್ಳಾಪುರದಲ್ಲಿ ಹೊಸ ಹೆಂಡತಿಗೆ ಬಾಯಾರಿಕೆಯಾಯಿತು. ಮಾವ ಹುರುಪಿನಿಂದ ಚೆಂಬು ಹಿಡಿದು ಇಳಿದರು, ರೈಲು ಹೊರಟುಹೋಯಿತು. ಅತ್ತೆ ಯಲಹಂಕದಲ್ಲಿ ಒಬ್ಬಳೇ ಇಳಿದಳು. ಗಂಡನನ್ನು ದಾರಿಯಲ್ಲಿ ಬಿಟ್ಟು ಬಂದವಳು ಯಾವ ಮುಖ ಹೊತ್ತು ಮನೆಗೆ ಹೋಗುವುದು? ಪ್ಲಾಟ್‌ಫಾರಂ ಮೇಲೆ ಗಂಟಿಟ್ಟುಕೊಂಡು ಕೂತೇ ಇದ್ದಳು. ಬಿಸಿಲು ಇಳಿದ ಮೇಲೆ ಮಾವ ಯಾವುದೋ ಗೂಡ್ಸು ಗಾಡಿಯಲ್ಲಿ ಬಂದು ಇಳಿದರು. ಕೈಯಲ್ಲಿದ್ದ ಚೆಂಬಿನ ತುಂಬ ನೀರು.

“ನೀರೇನೋ ತಂದಿದ್ರು” ಎನ್ನುತ್ತಿದ್ದಳು ಅತ್ತೆ. “ದಾಹ ಯಾವಾಗ್ಲೋ ಓಗಿತ್ತು.”

ಮಾವ ಹೋದ ಮೇಲೂ ಈ ಕಥೆಯನ್ನು ಹೇಳಿ ಅತ್ತೆ ನಗುತ್ತಿದ್ದಳು. ಆದರೆ ಪಾಠವನ್ನು ಬಿಡಲಿಲ್ಲ. ನಿಂತ ಕಡೆಯಲ್ಲೆಲ್ಲ ಇಳಿಯುವವರು ಹಿಂದೆ ಉಳಿಯುತ್ತಾರೆ. ನಾನು ಹೇಳಿದ್ದನ್ನು ಕೇಳುವ ಹುಡುಗ, ಪಾಠ ಚೆನ್ನಾಗಿ ಹತ್ತಿತು. ಹತ್ತದೇ ಹೋದದ್ದು ಅತ್ತೆಯ ಸ್ವಂತ ಮಗಳಿಗೆ.

ಸರೋಜ ನನಗಿಂತ ಚಿಕ್ಕವಳು. ನಿಂತದ್ದರಿಂದ ಇಳಿಯುವುದು, ಮುಚ್ಚಿದ್ದನ್ನು ತೆಗೆಯುವುದು, ಎತ್ತರದ ಮೇಲೆ ಹತ್ತುವುದು ಅವಳ ಹುಟ್ಟುಗುಣ. ನಮ್ಮ ಕೆರೆಯ ನಡುವೆ ಜಾಲಿಮರಗಳ ಒಂದು ದಿಬ್ಬವಿತ್ತು. ಮಳೆಗಾಲದಲ್ಲಿ ಸುತ್ತಲೂ ನೀರು, ಮೇಲೆ ಕೊಕ್ಕರೆಗಳ ರಾಜ್ಯ. ಸ್ಕೂಲಿನಲ್ಲಿ ಮೇಷ್ಟ್ರು ದ್ವೀಪ ಎಂದರೆ ಏನೆಂದು ಹೇಳಿಕೊಟ್ಟ ದಿನ ನಾನು ಬಂದು ಅವಳಿಗೆ ದೊಡ್ಡ ಪಂಡಿತನ ಹಾಗೆ ಅದನ್ನು ತೋರಿಸಿದೆ. ತೋರಿಸಬಾರದಾಗಿತ್ತು. ಅಂದಿನಿಂದ ದ್ವೀಪಕ್ಕೆ ಹೋಗಬೇಕೆಂದು ಪ್ರಾಣ ತಿಂದಳು.

“ಅಲ್ಲೇನಿದೆ? ಬರೀ ಕೊಕ್ಕರೆ ಹಿಕ್ಕೆ” ಎಂದೆ.

“ನೀನು ನೋಡಿದೀಯಾ?”

ನೋಡಿರಲಿಲ್ಲ.

ಬೇಸಿಗೆಯಲ್ಲಿ ನೀರು ಹಿಂದಕ್ಕೆ ಸರಿದು ಒಂದು ಕಡೆ ಕೆಸರಿನ ದಾರಿ ತೆರೆಯಿತು. ಒಂದು ಮಧ್ಯಾಹ್ನ ನಾನು ದಡದ ಕಲ್ಲಿನ ಮೇಲೆ ನಿಂತು “ಬೇಡ ಕಣೇ, ಬೇಡ ಕಣೇ” ಎನ್ನುತ್ತಿದ್ದಂತೆಯೇ ಅವಳು ಲಂಗ ಎತ್ತಿಕಟ್ಟಿ ನಡೆದೇಬಿಟ್ಟಳು. ಮರಗಳ ಸಂದಿಯಲ್ಲಿ ಕೆಂಪು ಲಂಗ ಒಮ್ಮೆ ಕಂಡಿತು, ಆಮೇಲೆ ಕಾಣಲಿಲ್ಲ. ನಾನು ಕಲ್ಲಿನ ಮೇಲೆ ಕೂತು, ಅವಳು ಬಂದರೆ ಹೇಳಬೇಕಾದ ಬೈಗುಳಗಳನ್ನೂ, ಬಾರದಿದ್ದರೆ ಅತ್ತೆಗೆ ಹೇಳಬೇಕಾದ ಮಾತುಗಳನ್ನೂ ಜೋಡಿಸಿಕೊಳ್ಳುತ್ತಿದ್ದೆ. ಸಾಯಂಕಾಲದ ಹೊತ್ತಿಗೆ ಮೊಣಕಾಲುವರೆಗೆ ಕೆಸರು ಮಾಡಿಕೊಂಡು, ಕೈಯಲ್ಲಿ ಒಂದು ಬಿಳಿ ಪುಕ್ಕ ಹಿಡಿದು ಬಂದಳು.

ಅತ್ತೆ ಬಾಗಿಲಲ್ಲೇ ಹಿಡಿದುಕೊಂಡಳು. “ಅಷ್ಟೊತ್ತು ಅಲ್ಲೇನ್ ಮಾಡ್ದೆ?”

“ಏನೂ ಮಾಡ್ಲಿಲ್ಲ.”

“ಏನೂ ಮಾಡ್ದೆ ಅಷ್ಟೊತ್ತಾ?”

“ಇದ್ದೆ” ಎಂದಳು ಸರೋಜ.

ಆ ಉತ್ತರಕ್ಕೆ ಬೆನ್ನಿಗೆ ಎರಡು ಬಿತ್ತು. ಮನೆಯಲ್ಲಿ ಅದೊಂದು ತಮಾಷೆಯ ಮಾತಾಗಿ ಉಳಿಯಿತು. ಹಿತ್ತಲಲ್ಲಿ ಏನ್ ಮಾಡ್ತಿದೀಯೇ ಎಂದು ಕೇಳಿದರೆ ಸಾಕು, ನಾನೇ ಅವಳ ಪರವಾಗಿ “ಇದಾಳೆ, ಅತ್ತೆ” ಎನ್ನುತ್ತಿದ್ದೆ.

ನಾನು ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಲೆಕ್ಕದ ಗುಮಾಸ್ತನಾದ ಮೇಲೆ ಸರೋಜಳನ್ನೇ ನನಗೆ ಕೊಟ್ಟರು. ನಮ್ಮಲ್ಲಿ ಅತ್ತೆಯ ಮಗಳೆಂದರೆ ಹುಟ್ಟಿದಾಗಲೇ ಗೊತ್ತಾದ ಹಾಗೆ. ಯಾರಿಗೂ ಆಶ್ಚರ್ಯವಾಗಲಿಲ್ಲ, ನನಗೆ ಒಳಗೊಳಗೇ ಆಗಿತ್ತು. ಅಂಥವಳು ಇಂಥವನನ್ನು ಒಪ್ಪಿಕೊಂಡಳಲ್ಲ ಎಂದು. ಅತ್ತೆ ಎರಡು ಸಲ ಅತ್ತೆಯಾದಳು. ಮನೆಯೇನೂ ಬದಲಾಗಲಿಲ್ಲ, ನನ್ನ ಚಾಪೆ ಪಡಸಾಲೆಯಿಂದ ಒಳಕೋಣೆಗೆ ಹೋಯಿತು ಅಷ್ಟೆ.

ಮದುವೆಯಾದ ವರ್ಷ ತುಮಕೂರಿನ ಕಡೆಯ ನೆಂಟರ ಮನೆಗೆ ಮೂವರೂ ಹೊರಟಿದ್ದೆವು. ಯಶವಂತಪುರದಲ್ಲಿ ರೈಲು ಹತ್ತಿ ಇನ್ನೂ ಸರಿಯಾಗಿ ಕೂತಿರಲಿಲ್ಲ, ಚಿಕ್ಕಬಾಣಾವರ ಬಂತು. ಪ್ಲಾಟ್‌ಫಾರಂ ಕೊನೆಯ ಬೇವಿನ ಮರದ ಕೆಳಗೆ ಒಬ್ಬ ಹೆಂಗಸು ಸೀಬೆಹಣ್ಣಿನ ಬುಟ್ಟಿ ಇಟ್ಟುಕೊಂಡಿದ್ದಳು. ಪಕ್ಕದಲ್ಲಿದ್ದ ಸರೋಜ ಯಾವಾಗ ಎದ್ದಳೋ ತಿಳಿಯಲಿಲ್ಲ. ಆ ಮರದ ಕೆಳಗೆ ಕಾಣಿಸಿದಳು. ಹಣ್ಣನ್ನು ಒಂದೊಂದಾಗಿ ಮೂಸಿ ಆರಿಸುತ್ತಿದ್ದಾಳೆ, ಗಾರ್ಡು ಸೀಟಿ ಊದುತ್ತಿದ್ದಾನೆ. ಅತ್ತೆ ಕಿಟಕಿಯಲ್ಲಿ ಕೈಹಾಕಿ ಕಿರುಚಿದಳು. ನಾನು ಬಾಗಿಲಿಗೆ ಓಡಿ, ಇಳಿಯಲಾರದೆ, ಸುಮ್ಮನಿರಲಾರದೆ ಒಂದು ಕಾಲು ಕೆಳಗೆ ಬಿಟ್ಟು ನಿಂತೆ. ಗಾಡಿ ಅಲುಗಿದ ಮೇಲೆ ಸರೋಜ ಸೆರಗಿನ ತುಂಬ ಹಣ್ಣು ಕಟ್ಟಿಕೊಂಡು ನಗುತ್ತ ಓಡಿಬಂದು ಹತ್ತಿದಳು. ಅತ್ತೆ ತುಮಕೂರಿನ ತನಕ ಬೈದಳು. ನಡುವೆ ಎರಡು ಹಣ್ಣು ತಿಂದಳು.

ಮಾರನೆಯ ವರ್ಷ ವಿಷಮಶೀತ ಜ್ವರ ಬಂದು ಸರೋಜ ಹೋಗಿಬಿಟ್ಟಳು.

ಇದನ್ನು ಇನ್ನೂ ಉದ್ದವಾಗಿ ಹೇಳಲು ನನಗೆ ಬರುವುದಿಲ್ಲ. ಎಂದೂ ಬಂದಿಲ್ಲ. ಉಳಿದದ್ದು ನಾವಿಬ್ಬರು, ಮಗಳನ್ನು ಕಳೆದುಕೊಂಡ ಅತ್ತೆ ಮತ್ತು ಅವಳ ಅಳಿಯ. ಬೇರೆ ಮನೆಯವರಾಗಿದ್ದರೆ ಅತ್ತುಕೊಂಡು ಅವರವರ ದಾರಿ ಹಿಡಿಯುತ್ತಿದ್ದೆವೋ ಏನೋ. ನಮಗೆ ಇದ್ದದ್ದು ಒಂದೇ ದಾರಿ, ಅದೇ ಮನೆ. ಬೆಳಿಗ್ಗೆ ಅತ್ತೆ ಬುತ್ತಿ ಕಟ್ಟುತ್ತಿದ್ದಳು, ನಾನು ಸೈಕಲ್ ತುಳಿದು ಕಾರ್ಖಾನೆಗೆ ಹೋಗುತ್ತಿದ್ದೆ, ಸಂಜೆ ಬಂದು ಕೈಕಾಲು ತೊಳೆಯುತ್ತಿದ್ದೆ. ಉಪ್ಪು ಸಾಕೇ ಎನ್ನುತ್ತಿದ್ದಳು, ಸಾಕು ಎನ್ನುತ್ತಿದ್ದೆ. ಸರೋಜಳ ಹೆಸರನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಮೊದಲು ಮಾತಾಡಿದವರು ಇನ್ನೊಬ್ಬರನ್ನು ಅಳಿಸಿಬಿಡುತ್ತಾರೆ ಎಂಬ ಭಯ ಇಬ್ಬರಿಗೂ ಇದ್ದಿರಬೇಕು. ಹೀಗೆ ವರ್ಷಗಳು ಹೋದವು. ಮತ್ತೆ ಮದುವೆ ಮಾಡಿಕೋ ಎಂದು ಹೇಳಿದವರು ಹೇಳಿ ಸಾಕಾಗಿ ಬಿಟ್ಟರು. ಒಂದೇ ಸೂರಿನ ಕೆಳಗೆ ಇಬ್ಬರು ಇದ್ದರೆ ಒಂಟಿತನ ಅರ್ಧವಾಗುತ್ತದೆ ಎಂದು ನೀವು ತಿಳಿದಿದ್ದರೆ ಅದು ತಪ್ಪು.

ಆ ಕಾಲದಲ್ಲೇ ನಮ್ಮ ಕಾರ್ಖಾನೆಯ ಕ್ಲಬ್ಬಿನವರಿಗೆ ಸಮುದ್ರದ ಹುಚ್ಚು ಹಿಡಿದದ್ದು. ಅಲ್ಲಿಯವರೆಗೆ ವರ್ಷಕ್ಕೊಮ್ಮೆ ನಂದಿಬೆಟ್ಟಕ್ಕೆ ಹೋಗಿ, ಚಿತ್ರಾನ್ನ ತಿಂದು, ಕೋತಿಗಳಿಗೆ ಹೆದರಿ ಬರುವುದು ಪದ್ಧತಿ. ಆ ವರ್ಷ ಕ್ಲಬ್ಬಿನ ಕಾರ್ಯದರ್ಶಿ ಪುಟ್ಟಸ್ವಾಮಿ, ಮಂಗಳೂರಿನಲ್ಲಿ ಯಾರನ್ನೋ ಹಿಡಿದು ಒಂದು ಸಣ್ಣ ಹಡಗನ್ನು ಗೊತ್ತುಮಾಡಿಕೊಂಡು ಬಂದ. ಬೆಳಿಗ್ಗೆ ಬಂದರು ಬಿಡುವುದು, ಕರಾವಳಿಗುಂಟ ಸಾಗುವುದು, ಮಧ್ಯಾಹ್ನ ಒಂದು ದ್ವೀಪದ ಹತ್ತಿರ ಲಂಗರು ಹಾಕುವುದು, ಸಂಜೆಗೆ ವಾಪಸ್ಸು. ದ್ವೀಪದಲ್ಲಿ ಇಳಿಯುವವರಿಗೆ ದೋಣಿ ಬರುತ್ತದೆ. ಆದರೆ ಇಳಿಯುತ್ತೇವೋ ಇಲ್ಲವೋ ಮೊದಲೇ ಹೇಳಬೇಕು.

ಇಷ್ಟು ಸಾಕಾಯಿತು. ಅದೊಂದು ಭಾನುವಾರ ಕ್ಲಬ್ಬಿನ ತಗಡಿನ ಶೆಡ್ಡಿನಲ್ಲಿ ಸಭೆ ಸೇರಿತು. ಅಧ್ಯಕ್ಷರು ನಮ್ಮ ಸೂಪರಿಂಟೆಂಡೆಂಟ್ ಶೇಷಗಿರಿರಾಯರು. ಅಲ್ಲಿದ್ದವರಲ್ಲಿ ಅರ್ಧ ಜನ ಸಮುದ್ರವನ್ನೇ ಕಂಡವರಲ್ಲ. ಆದರೂ ದ್ವೀಪದಲ್ಲಿ ಇಳಿದರೆ ಪ್ರಯೋಜನವುಂಟೇ ಎಂಬ ಬಗ್ಗೆ ಎಲ್ಲರಿಗೂ ಖಚಿತವಾದ ಅಭಿಪ್ರಾಯವಿತ್ತು.

“ಅಲ್ಲಿ ಏನೇನಿದೆ ಅಂತ ಮೊದ್ಲು ಗೊತ್ತಾಗ್ಲಿ ಕಣ್ರೀ” ಎಂದರು ರಾಯರು. “ಬಿಸಿ ಕಾಫಿ ಸಿಗುತ್ತಾ?”

“ಬಂಡೆ ಇದೆ ಸಾರ್. ನಾಲ್ಕು ತೆಂಗಿನ ಮರ ಇದೆಯಂತೆ” ಎಂದ ಪುಟ್ಟಸ್ವಾಮಿ.

“ತೆಂಗಿನ ಮರ ನೋಡೋಕೆ ಅಷ್ಟು ದೂರ ಹೋಗ್ಬೇಕಾ? ನಮ್ಮ ಕ್ವಾರ್ಟರ್ಸ್ ಹಿಂದೆ ಇಲ್ವಾ?”

“ವಾಲಿಬಾಲ್ ಆಡ್ಬಹುದು ಸಾರ್. ನೆಟ್ ನಾನೇ ತರ್ತೀನಿ.”

“ಬಾಲು ಸಮುದ್ರಕ್ಕೆ ಬಿದ್ರೆ?”

ಬಾಲು ಸಮುದ್ರಕ್ಕೆ ಬಿದ್ದರೆ ಯಾರು ತರಬೇಕೆಂಬ ಪ್ರಶ್ನೆಯ ಮೇಲೆ ಸಭೆ ಮುಂದಕ್ಕೆ ಹೋಯಿತು. ನನ್ನನ್ನು ಕೇಳಿದಾಗ ನಾನು ತಡವಿಲ್ಲದೆ, ನಾವು ಹಡಗಿನಲ್ಲೇ ಇರುತ್ತೇವೆ, ಇಳಿದು ಮಾಡುವುದೇನಿದೆ ಎಂದೆ. ಅತ್ತೆ ಪ್ರವಾಸಕ್ಕೆ ಬರಲು ಒಪ್ಪುವುದೇ ಅನುಮಾನವಿತ್ತು. ಒಂಟಿಯಾಗಿ ಬರುವುದಕ್ಕೆ ನನಗೆ ನಾಚಿಕೆ. ಸಂಸಾರಸ್ಥರ ನಡುವೆ ಒಂದೇ ಒಂದು ಬುತ್ತಿ ಹಿಡಿದು ಕೂರುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಪುಟ್ಟಸ್ವಾಮಿ ಛಲಗಾರ. ಮುಂದಿನ ವಾರ ಯಲಹಂಕಕ್ಕೆ ಮನೆಗೇ ಬಂದು ಅತ್ತೆಯ ಮುಂದೆ ಕೂತ.

“ಅಮ್ಮಾ, ನೀವು ಬರ್ಲೇಬೇಕು. ದ್ವೀಪಕ್ಕೆ ಹೋಗ್ತಿದೀವಿ.”

“ಅಂಗಂದ್ರೇನಪ್ಪ?”

“ಸುತ್ತಲೂ ನೀರು, ಮಧ್ಯದಲ್ಲಿ ಭೂಮಿ.”

ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. “ನೀರಿನ ಮಧ್ಯನಾ? ಅಂಗಾರೆ ರಂಗನಾಥ ಇರ್ಬೇಕಲ್ಲ.”

ನಾನೂ ಪುಟ್ಟಸ್ವಾಮಿಯೂ ಮುಖ ಮುಖ ನೋಡಿಕೊಂಡೆವು. ಆದರೆ ಅತ್ತೆಯ ಲೆಕ್ಕ ಸರಿಯಾಗಿಯೇ ಇತ್ತು. ನಮ್ಮ ಮನೆದೇವರು ರಂಗನಾಥ. ಅತ್ತೆ ಶ್ರೀರಂಗಪಟ್ಟಣ ನೋಡಿದ್ದಳು: ಸುತ್ತ ಕಾವೇರಿ, ನಡುವೆ ರಂಗನಾಥ ಮಲಗಿದ್ದಾನೆ. ಶಿವನಸಮುದ್ರ ನೋಡಿದ್ದಳು: ಸುತ್ತ ಕಾವೇರಿ, ನಡುವೆ ರಂಗನಾಥ ಮಲಗಿದ್ದಾನೆ. ಶ್ರೀರಂಗದ ವಿಚಾರ ಮಾವನಿಂದ ಕೇಳಿದ್ದಳು, ಅಲ್ಲೂ ಹಾಗೆಯೇ. ಅವಳಿಗೆ ತಿಳಿದಿದ್ದ ಒಂದು ದ್ವೀಪವೂ ರಂಗನಾಥನಿಲ್ಲದೆ ಇರಲಿಲ್ಲ. ಹೊಳೆಯ ನಡುವಿನ ತುಂಡು ನೆಲವನ್ನೇ ಬಿಡದವನು ಸಮುದ್ರದ ನಡುವಿನದನ್ನು ಬಿಟ್ಟಾನೆಯೇ?

“ಅತ್ತೆ, ಅದು ಬರೀ ಬಂಡೆಯಂತೆ” ಎಂದೆ.

“ನೀನು ನೋಡಿದೀಯಾ?” ಎಂದಳು ಅತ್ತೆ.

ಎಂದೋ ಕೇಳಿದ ಮಾತು. 

ಪುಟ್ಟಸ್ವಾಮಿಗೆ ಬೇಕಾದದ್ದು ಸಿಕ್ಕಿತು. ಸೋಮವಾರ ಕ್ವಾರ್ಟರ್ಸಿನಲ್ಲಿ, ದ್ವೀಪದಲ್ಲಿ ಒಂದು ರಂಗನಾಥನ ಗುಡಿ ಇದೆಯಂತೆ ಎಂಬ ಸುದ್ದಿ ಹರಡಿತು. ಎರಡು ದಿನಕ್ಕೆ ಅದು ಪುರಾತನ ಗುಡಿಯಾಯಿತು. ವಾರ ಮುಗಿಯುವುದರೊಳಗೆ ಅಲ್ಲಿ ಪ್ರಸಾದಕ್ಕೆ ಒಳ್ಳೆಯ ಪುಳಿಯೋಗರೆ ಕೊಡುತ್ತಾರೆಂದು ರಾಯರ ಮನೆಯವರೇ ನಮ್ಮ ಅತ್ತೆಗೆ ಹೇಳಿ ಕಳಿಸಿದರು. ನಾನು ಕ್ಯಾಂಟೀನಿನಲ್ಲಿ ಇಬ್ಬರು ಮೂವರಿಗೆ, ಇದೆಲ್ಲ ನಮ್ಮ ಅತ್ತೆಯ ಊಹೆ ಎಂದು ಬಿಡಿಸಿ ಹೇಳಿದೆ. “ದೊಡ್ಡೋರು ಸುಮ್ಮನೆ ಹೇಳ್ತಾರೇನ್ರೀ ಗೋಪಾಲಪ್ನೋರೆ?” ಎಂದು ನನ್ನನ್ನೇ ಗದರಿದರು. ಹೆಂಗಸರೆಲ್ಲ ಇಳಿಯುವುದೆಂದು ತೀರ್ಮಾನವಾಯಿತು. ಹೆಂಗಸರು ಇಳಿದ ಮೇಲೆ ಗಂಡಸರ ಅಭಿಪ್ರಾಯ ಯಾರಿಗೆ ಬೇಕು?

ಅತ್ತೆ ಹೊರಡುವ ಹಿಂದಿನ ದಿನ ಬಿಸ್ಕತ್ತಿನ ತಗಡಿನ ಡಬ್ಬವೊಂದನ್ನು ತೊಳೆದು ಒರೆಸಿ, ಅದರಲ್ಲಿ ಕರ್ಪೂರ, ಅರಿಸಿನ, ಕಲ್ಲುಸಕ್ಕರೆ ಇಟ್ಟು, ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ತುಳಸಿ ಮಾಲೆ ಇಟ್ಟಳು. ಅವಳ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಮಾಲೆಯನ್ನು ಬೆರಳಿನಲ್ಲೇ ನೋಡಿ ಕಟ್ಟಿದ್ದಳು. ಅವಳು ಏನನ್ನೋ ಬಯಸಿ ಹೊರಟಿದ್ದನ್ನು ನಾನು ಬಹಳ ವರ್ಷಗಳ ಮೇಲೆ ಕಂಡದ್ದು ಅಂದು. ಅಲ್ಲಿ ಏನೂ ಇಲ್ಲವೆಂದು ಅವಳಿಗೆ ಗೊತ್ತಾಗುವ ಗಳಿಗೆ ಬಾರದೇ ಇರಲಿ ಎನ್ನಿಸಿತು. ಸಮುದ್ರ ಇನ್ನೂ ದೂರವಿತ್ತು.

ರೈಲು, ಬಸ್ಸು, ಘಟ್ಟ, ಯಾರದೋ ಮಗುವಿನ ವಾಂತಿ, ಇವನ್ನೆಲ್ಲ ಬಿಟ್ಟುಬಿಡುತ್ತೇನೆ. ಹಡಗಿನಲ್ಲಿ ಅತ್ತೆ ಕಂಬವೊಂದನ್ನು ತಬ್ಬಿಕೊಂಡು ಕೂತಳು. ಸಮುದ್ರದ ಬಗ್ಗೆ ಅವಳು ಹೇಳಿದ್ದು ಒಂದೇ ಮಾತು, “ಇಷ್ಟ್ಯಾಕೆ ಬೇಕಾಗಿತ್ತು?” ಮಧ್ಯಾಹ್ನ ದ್ವೀಪ ಕಂಡಿತು. ಪುಟ್ಟಸ್ವಾಮಿಯ ಹಳೆಯ ವರದಿ ಸತ್ಯವಾಗಿತ್ತು: ಕರಿ ಬಂಡೆ, ಸ್ವಲ್ಪ ಮರಳು, ಗಾಳಿಗೆ ಒಂದೇ ಕಡೆ ವಾಲಿದ ತೆಂಗಿನ ಮರಗಳು. ಹಡಗು ನಿಂತಿತು, ಪಕ್ಕಕ್ಕೆ ಕಬ್ಬಿಣದ ಏಣಿ ಇಳಿಬಿಟ್ಟರು, ಕೆಳಗೆ ದೋಣಿ ಮೇಲೆ ಕೆಳಗೆ ಆಡುತ್ತಿತ್ತು. ಅತ್ತೆ ಏಣಿಯ ತನಕ ಬಂದು ನೋಡಿ, ತನ್ನ ಮೊಣಕಾಲುಗಳನ್ನು ಮುಟ್ಟಿಕೊಂಡು, ಹಿಂದಕ್ಕೆ ಸರಿದಳು.

“ನನ್ ಕೈಲಾಗಾಕಿಲ್ಲ. ನೀನು ಓಗಿ ಪೂಜೆ ಮಾಡಿಸ್ಕೊಂಡು ಬಾ.”

“ಬೇಡ ಅತ್ತೆ, ನಾನೂ ಇಲ್ಲೇ ಇರ್ತೀನಿ.”

“ಓಗು ಅಂದ್ನಲ್ಲ” ಎಂದು ಡಬ್ಬವನ್ನು ನನ್ನ ಎದೆಗೆ ಒತ್ತಿದಳು. ನನ್ನ ಚಡ್ಡಿ ಹಿಡಿದು ಕೂರಿಸಿಕೊಂಡಿದ್ದ ಅದೇ ಕೈ.

ಇಳಿದೆ. ದಡದಲ್ಲಿ ಐದು ನಿಮಿಷವೂ ಆಗಿರಲಿಲ್ಲ, ರಾಯರ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು “ಎಲ್ರೀ ಪುಟ್ಟಸ್ವಾಮಿ ದೇವಸ್ಥಾನ?” ಎಂದು ಕೇಳಿದರು. ಆ ಕಡೆ ಇರಬೇಕು ಎಂದು ಅವನು ಎಲ್ಲರನ್ನೂ ಬಂಡೆ ಸುತ್ತಿಸಿದ. ಆ ಕಡೆ ಇನ್ನಷ್ಟು ಬಂಡೆ ಇತ್ತು. “ಮುಂಚೆ ಇತ್ತಂತೆ ಕಣಮ್ಮ, ಸಮುದ್ರ ನುಂಗಿಬಿಟ್ಟಿದೆ” ಎಂದ. ಅವನ ಧೈರ್ಯಕ್ಕೆ ಮೆಚ್ಚಬೇಕು. ಹೆಂಗಸರು ಸ್ವಲ್ಪ ಹೊತ್ತು ಗೊಣಗಿ, ನುಂಗಿದ ಸಮುದ್ರಕ್ಕೇ ತೆಂಗಿನಕಾಯಿ ಒಡೆದು ಅರಿಸಿನ ಕುಂಕುಮ ಹಾಕಿ ಕೈಮುಗಿದರು. ಆಮೇಲೆ ಬುತ್ತಿಗಳು ಬಿಚ್ಚಿದವು, ಮಕ್ಕಳು ನೀರಿಗೆ ಓಡಿದರು, ವಾಲಿಬಾಲು ಸಮುದ್ರಕ್ಕೆ ಬಿತ್ತು. ಇಳಿದು ಮಾಡುವುದೇನಿದೆ ಎಂದವರೆಲ್ಲ ಏನೇನೋ ಮಾಡುತ್ತಿದ್ದರು.

“ಬನ್ನಿ ಗೋಪಾಲಪ್ನೋರೆ, ಊಟಕ್ಕೆ ಬನ್ನಿ” ಎಂದು ನಾಲ್ಕು ಕಡೆಯಿಂದ ಕರೆದರು. ನಾಲ್ಕು ಕಡೆಯಿಂದ ಕರೆಸಿಕೊಳ್ಳುವವನು ಯಾವ ಕಡೆಯವನೂ ಅಲ್ಲ. ಆಗಲೇ ಆಯಿತು ಎಂದು ಸುಳ್ಳು ಹೇಳಿ, ಡಬ್ಬ ಹಿಡಿದು ದೂರದ ಒಂದು ಚಪ್ಪಟೆ ಬಂಡೆಯ ಮೇಲೆ ಹೋಗಿ ಕೂತೆ. ತುಳಸಿಯನ್ನು ಸಮುದ್ರಕ್ಕೆ ಬಿಡಲು ಮನಸ್ಸು ಬರಲಿಲ್ಲ. ಸರೋಜ ಇದ್ದಿದ್ದರೆ ಇಷ್ಟು ಹೊತ್ತಿಗೆ ಆ ತುದಿಯ ಬಂಡೆಯ ತನಕ ಹೋಗಿ, ಸೀರೆ ಒದ್ದೆ ಮಾಡಿಕೊಂಡು, ಏನನ್ನೋ ಆರಿಸಿಕೊಂಡು ಬಂದಿರುತ್ತಿದ್ದಳು. ನಾನು ಇಲ್ಲೇ ಕೂತು ಬೇಡ ಕಣೇ ಎನ್ನುತ್ತಿದ್ದೆ. ಬೇಡ ಎನ್ನುವುದಕ್ಕೂ ಒಬ್ಬರು ಬೇಕಲ್ಲ. ಅಷ್ಟು ಜನರ ನಗು ಕೇಳುತ್ತಿದ್ದ ಆ ಬಂಡೆಯ ಮೇಲೆ ನನಗೆ ಆದಷ್ಟು ಒಂಟಿತನ ಅವಳು ಹೋದ ದಿನವೂ ಆಗಿರಲಿಲ್ಲ. ಅಂದು ಮನೆ ತುಂಬ ಜನರಿದ್ದರು, ಮಾಡಲು ಕೆಲಸವಿತ್ತು. ಇಲ್ಲಿ ಏನೂ ಇರಲಿಲ್ಲ. ಬಲಗೈಯನ್ನು ತಲೆಯಡಿಗೆ ಇಟ್ಟುಕೊಂಡು, ಹಡಗಿನ ಕಡೆ ಮುಖಮಾಡಿ ಮಲಗಿಬಿಟ್ಟೆ. ಡಬ್ಬ ಪಕ್ಕದಲ್ಲಿತ್ತು. ಹಡಗಿನ ಕೂಗು ಕೇಳುವವರೆಗೆ ಎಚ್ಚರವಿರಲಿಲ್ಲ.

ಕೊನೆಯ ದೋಣಿಯಲ್ಲಿ ನಾನು ಅತ್ತೆಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಗುಡಿ ಚಿಕ್ಕದು, ಬಾಗಿಲು ಹಾಕಿತ್ತು ಎನ್ನಲೇ? ಸಮುದ್ರ ನುಂಗಿತು ಎನ್ನಲೇ? ಏಣಿ ಹತ್ತಿ ಹೋದರೆ ಅತ್ತೆ ಕಂಬ ಬಿಟ್ಟು ಕಟಕಟೆಯ ಪಕ್ಕಕ್ಕೆ ಬಂದು ಕೂತಿದ್ದಳು. ಡಬ್ಬವನ್ನು ಕೈಗೆ ತೆಗೆದುಕೊಂಡು, ಮುಚ್ಚಳ ತೆರೆದು, ಮಾಲೆಯನ್ನು ಮುಟ್ಟಿ ನೋಡಿ, ಮತ್ತೆ ಮುಚ್ಚಿದಳು.

“ದರ್ಶನ ಆಯ್ತು ಕಣಪ್ಪ” ಎಂದಳು.

“ಯಾರ ದರ್ಶನ?”

“ಇಲ್ಲಿಂದ್ಲೇ ಕಂಡ. ಬಂಡೆ ಮ್ಯಾಲೆ ಬೆಳ್ಳಗೆ ಮಲಗಿದ್ದ, ಕೈಯ ತಲೆ ಕೆಳಗೆ ಮಡಿಕ್ಕಂಡು. ಎದ್ದು ನಿಂತು ಕೈ ಮುಗಿದೆ. ಇಲ್ಲೊಂದು ಹೆಣ್ಮಗಳು ಮಗ ಮಲಗಿಸ್ಕೊಂಡು ಕುಂತಿದ್ಲು. ಅವ್ಳಿಗೂ ತೋರಿಸ್ದೆ. ಅವ್ಳು ನಗಾಡ್ಬಿಟ್ಲು. ಅಜ್ಜೀ, ಅದು ನಿಮ್ ಗೋಪಾಲಪ್ಪ ಅಂದ್ಲು.”

ನಾನು ನಕ್ಕೆ. ನನ್ನ ಬಿಳಿ ಶರಟಿಗೆ ಇಂಥ ಗೌರವ ಹಿಂದೆಂದೂ ಸಿಕ್ಕಿರಲಿಲ್ಲ. ಅತ್ತೆ ನಗಲಿಲ್ಲ.

“ಆಮ್ಯಾಕೂ ನೋಡ್ತಾನೇ ಇದ್ದೆ” ಎಂದಳು. “ಶ್ರೀರಂಗಪಟ್ಣದಾಗೆ ರಂಗನಾಥನ ಕಾಲ ತಾವ ಕಾವೇರಮ್ಮ ಕುಂತವ್ಳೆ. ಅದಕ್ಕೇ ಅವನು ಅಂಗೆ ನೆಮ್ಮದಿಯಾಗಿ ಮಲಗಿರಾದು. ನಿನ್ ಕಾಲ ತಾವ ಯಾರೂ ಇರ್ಲಿಲ್ಲ.”

ಹಡಗು ತಿರುಗಿತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು, ನಾನು ಸಮುದ್ರದ ಕಡೆ ನೋಡಿದೆ.  

ಮಾರನೆಯ ದಿನ ಬೆಳಗಿನ ಹೊತ್ತಿಗೆ ನಮ್ಮ ರೈಲು ಊರಿನ ಹತ್ತಿರ ಬಂದಿತ್ತು. ಇಡೀ ಬೋಗಿ ಒಬ್ಬರ ಮೇಲೊಬ್ಬರು ಬಿದ್ದು ನಿದ್ದೆ ಮಾಡುತ್ತಿತ್ತು. ಎದುರು ಗಾಡಿ ಬರುವುದಿತ್ತೆಂದು ಕಾಣುತ್ತದೆ, ಒಂದು ಕಡೆ ನಿಂತುಬಿಟ್ಟಿತು. ಕಿಟಕಿಯಲ್ಲಿ ನೋಡಿದೆ, ಚಿಕ್ಕಬಾಣಾವರ. ನೋಡದ ಹಾಗೆ ತಲೆ ಒಳಕ್ಕೆ ತೆಗೆದುಕೊಂಡೆ. ಆ ಸ್ಟೇಷನ್ ಬಂದಾಗಲೆಲ್ಲ ನಾವಿಬ್ಬರೂ ಹಾಗೆಯೇ ಮಾಡುತ್ತಿದ್ದೆವು.

“ಯಾವೂರಪ್ಪ?”

ಹೇಳಿದೆ. ಅತ್ತೆ ಗಂಟನ್ನು ಸೀಟಿನ ಮೇಲಿಟ್ಟು ಎದ್ದಳು.

“ಬಾ, ಇಳಿಯಾನ.”

“ಏನತ್ತೆ? ಏನಾದ್ರೂ ಬೇಕಾ?”

“ಏನೂ ಬ್ಯಾಡ.”

“ಮತ್ತೆ ಇಳಿದು ಮಾಡೋದೇನಿದೆ?”

ಹೇಳಿದ ಮೇಲೆ ತಿಳಿಯಿತು, ಈ ಸಲ ಕೇಳಿದವನು ನಾನು. ಅತ್ತೆ ಆಗಲೇ ಬಾಗಿಲ ಹತ್ತಿರ ಹೋಗಿದ್ದಳು. ನಾನು ಮೊದಲು ಇಳಿದು, ಅವಳನ್ನು ಎರಡು ಕೈಯಿಂದ ಹಿಡಿದು ಇಳಿಸಿಕೊಂಡೆ. ಪ್ಲಾಟ್‌ಫಾರಂ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಬೇವಿನ ಮರ ಇತ್ತು, ಬುಟ್ಟಿಯವಳು ಇರಲಿಲ್ಲ. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡು, ಕಾಣದ ಕಣ್ಣಿನಲ್ಲಿ ಆಚೀಚೆ ನೋಡಿದಳು.

“ಸರೋಜ ಇಲ್ಲೇ ಅಲ್ವಾ ಇಳ್ದಿದ್ದು?”

ಅಷ್ಟು ವರ್ಷಗಳ ಮೇಲೆ ಆ ಹೆಸರನ್ನು ಅವಳ ಬಾಯಲ್ಲಿ ಕೇಳಿದೆ. “ಆ ಮರದ ಹತ್ರ” ಎಂದೆ.

“ಅವತ್ತು ಎಷ್ಟು ಬೈದ್ನಪ್ಪ ನಾನು.”

“ತುಮಕೂರ್ ತನಕ ಬೈದೆ. ಎರಡು ಹಣ್ಣೂ ತಿಂದೆ.”

ಅತ್ತೆ ನಕ್ಕಳು. ನಗು ಅರ್ಧಕ್ಕೆ ಅಳುವಾಯಿತು, ನನ್ನದೂ ಆಯಿತು, ಹೆದರಿಕೊಂಡಿದ್ದಷ್ಟು ಕಷ್ಟವೇನೂ ಆಗಲಿಲ್ಲ. ಎಂಜಿನ್ ಒಂದು ಸಲ ಕೂಗಿತು. ಅತ್ತೆ ನನ್ನ ಕೈ ಬಿಡಲಿಲ್ಲ, ಹತ್ತುವ ಅವಸರವನ್ನೂ ಮಾಡಲಿಲ್ಲ. ಕಿಟಕಿಯಿಂದ ಪುಟ್ಟಸ್ವಾಮಿ ಕೆದರಿದ ತಲೆ ಹೊರಗೆ ಹಾಕಿ ಗಾಬರಿಯಿಂದ ಕೂಗಿದ.

“ಅಲ್ಲೇನ್ ಮಾಡ್ತಿದೀರಮ್ಮಾ?”

“ಏನೂ ಇಲ್ಲ ಕಣಪ್ಪ” ಎಂದಳು ಅತ್ತೆ. “ಇದೀವಿ.”